ಅಟ್ಟದ ಟ್ರಂಕಿನಲ್ಲಿ ಸಿಕ್ಕ ಕೇಪಿನ ಪಿಸ್ತೂಲು: ಹಾರಿಸಬೇಡಿ, ಉಜ್ಜಬೇಡಿ, ಮೊದಲು ಅತ್ತೆಯನ್ನು ಕೇಳಿ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಇರುವ ನಮ್ಮ ಹಳೆಯ ಮನೆಯನ್ನು ಈ ಬೇಸಿಗೆಯಲ್ಲಿ ಬಿಚ್ಚಿಸುತ್ತಿದ್ದೇವೆ. ಅಡುಗೆಮನೆಯ ಅಟ್ಟದಲ್ಲಿದ್ದ ಅಜ್ಜನ ಟ್ರಂಕಿನೊಳಗೆ ನಾಲ್ಕು ಆಟಿಕೆ ಪಿಸ್ತೂಲು ಸಿಕ್ಕಿದವು. ಒಂದು ಕಪ್ಪು, ಅಂಗೈಯಷ್ಟೇ ಇದ್ದರೂ ತುಂಬಾ ಭಾರ. ಇನ್ನೊಂದು ಬೆಳ್ಳಿ ಬಣ್ಣದ್ದು, ಬಿಳಿ ಹಿಡಿಯ ಮೇಲೆ ಉದ್ದ ಕೊಂಬಿನ ದನದ ತಲೆ ಇದೆ. ಉಳಿದೆರಡು ತಗಡಿನವು. ಅದರಲ್ಲಿ ಒಂದಕ್ಕೆ ರಟ್ಟಿನ ಪೆಟ್ಟಿಗೆ ಇದೆ, ಮೇಲೆ ‘ಬಾಂಬೆ–3’ ಎಂಬ ವಿಳಾಸ, ರಬ್ಬರ್ ಸ್ಟಾಂಪಿನಲ್ಲಿ ‘75 ನ.ಪೈ.’ ಎಂದಿದೆ. ಜೊತೆಗೆ ಒಂದು ಪೊಟ್ಟಣ ರೋಲ್ ಕೇಪು, ಅಂದರೆ ಮದ್ದಿನ ಚುಕ್ಕೆಗಳಿರುವ ಕಾಗದದ ಸುರುಳಿ. ಅಜ್ಜ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದರು, ಈಗಿಲ್ಲ. ಎಂಬತ್ತು ದಾಟಿದ ಸೋದರತ್ತೆ ಇದ್ದಾರೆ. ಕೇಪು ಹಾರಿಸಿ ನೋಡೋಣ ಎಂದು ಮಗ ಹಟ ಹಿಡಿದಿದ್ದಾನೆ. ಇವನ್ನು ಉಜ್ಜಿ ಹೊಳಪು ಬರಿಸಬಹುದೇ? ಇವಕ್ಕೆ ಬೆಲೆ ಇದೆಯೇ? ಇಂಥವನ್ನು ಸಂಗ್ರಹಿಸಲು ಶುರು ಮಾಡಬೇಕೆಂಬ ಆಸೆಯೂ ಹುಟ್ಟಿದೆ. ಕಾನೂನಿನ ತೊಡಕು ಏನಾದರೂ ಉಂಟೇ? ದುಬೈಯಲ್ಲಿರುವ ತಮ್ಮ ಒಂದನ್ನು ಕೇಳುತ್ತಿದ್ದಾನೆ.

ಉತ್ತರ: ನೀವು ಕಳಿಸಿದ ಫೋಟೋಗಳನ್ನು ನೋಡಿದೆ. ಪಿಸ್ತೂಲುಗಳ ವಿಷಯಕ್ಕೆ ಬರುವ ಮೊದಲು ಆ ಕೇಪಿನ ಪೊಟ್ಟಣದ ವಿಷಯ ಮುಗಿಸೋಣ, ಏಕೆಂದರೆ ಟ್ರಂಕಿನಲ್ಲಿ ಅಪಾಯ ಇರುವುದು ಅದೊಂದರಲ್ಲೇ.

ಕೇಪಿನ ಚುಕ್ಕೆಯಲ್ಲಿರುವುದು ಮುಖ್ಯವಾಗಿ ಕೆಂಪು ರಂಜಕ ಮತ್ತು ಪೊಟ್ಯಾಸಿಯಂ ಕ್ಲೋರೇಟ್. ಇವೆರಡೂ ಸೇರಿದರೆ ಪೆಟ್ಟು ಬಿದ್ದರೂ ಸಿಡಿಯುತ್ತದೆ, ಉಜ್ಜಿದರೂ ಸಿಡಿಯುತ್ತದೆ. ಆ ಕಾರಣಕ್ಕೇ ಬೆಂಕಿಪೆಟ್ಟಿಗೆ ಮಾಡುವವರು ಕ್ಲೋರೇಟನ್ನು ಕಡ್ಡಿಯ ತಲೆಯಲ್ಲೂ ರಂಜಕವನ್ನು ಪೆಟ್ಟಿಗೆಯ ಬದಿಯಲ್ಲೂ ಬೇರೆ ಬೇರೆ ಇಡುವುದು. ಕೇಪಿನಲ್ಲಿ ಎರಡೂ ಒಂದೇ ಚುಕ್ಕೆಯೊಳಗೆ ಇವೆ. ಒಂದು ಚುಕ್ಕೆಯಲ್ಲಿ ಇರುವುದು ಚಿಟಿಕೆಗಿಂತ ಕಡಿಮೆ, ಹಾಗಾಗಿ ಮಕ್ಕಳ ಆಟಕ್ಕೆ ನಡೆಯುತ್ತದೆ. ಆದರೆ ಇಡೀ ಸುರುಳಿಗೆ ಒಟ್ಟಿಗೆ ಕಿಡಿ ತಗುಲಿದರೆ ಕೈ ಸುಡುತ್ತದೆ, ಕಣ್ಣಿಗೆ ಹಾರಿದರೆ ಹೇಳುವುದೇ ಬೇಡ. ದಶಕಗಳ ಕಾಲ ತೇವ ಕುಡಿದು ಒಣಗಿದ ಕಾಗದದಲ್ಲಿ ಮದ್ದು ಹೇಗೆ ವರ್ತಿಸುತ್ತದೆ ಎಂದು ಮುಂಚಿತವಾಗಿ ಹೇಳಲು ಬರುವುದಿಲ್ಲ. ಒಂದು ಚುಕ್ಕೆ ಠುಸ್ ಅನ್ನಬಹುದು, ಪಕ್ಕದ್ದು ಬೆರಳಿನ ತಿಕ್ಕಿಗೇ ಸಿಡಿಯಬಹುದು.

ಆದ್ದರಿಂದ ಸುರುಳಿಗಳನ್ನು ಬಿಡಿಸಬೇಡಿ, ಉಗುರಿನಿಂದ ಕೆರೆಯಬೇಡಿ, ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ. ಅಂಗಳದಲ್ಲಿ ಒಂದು ಬಾಲ್ದಿ ತುಂಬಾ ನೀರಿಟ್ಟು ಸುರುಳಿಗಳನ್ನು ಮೆಲ್ಲಗೆ ಅದರೊಳಗೆ ಇಳಿಸಿ ಒಂದು ದಿನ ಪೂರ್ತಿ ನೆನೆಯಲು ಬಿಡಿ. ಕ್ಲೋರೇಟ್ ನೀರಿನಲ್ಲಿ ಕರಗುತ್ತದೆ, ರಂಜಕ ಕರಗುವುದಿಲ್ಲ. ಹಾಗಾಗಿ ನೆನೆದ ಕಾಗದ ಮತ್ತೆ ಒಣಗದ ಹಾಗೆ ಒದ್ದೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಕಸಕ್ಕೆ ಕೊಡಿ. ಹೊರಗಿನ ಪೊಟ್ಟಣದ ಕಾಗದವನ್ನು ಮಾತ್ರ, ಒಳಗೆ ಮದ್ದಿನ ಪುಡಿ ಇಲ್ಲ ಎಂದು ನೋಡಿಕೊಂಡು, ಉಳಿಸಿ. ನಿಮ್ಮ ಫೋಟೋದಲ್ಲಿ ಅದರ ಮೇಲಿನ ಹುಂಜದ ಚಿತ್ರ ಇನ್ನೂ ಕೆಂಪಗಿದೆ. ನಮ್ಮ ದೇಶದ ಕೇಪಿಗೂ ಪಟಾಕಿಗೂ ದೊಡ್ಡ ತವರು ಶಿವಕಾಶಿ. 1920ರ ದಶಕದಲ್ಲಿ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಪೆಟ್ಟಿಗೆ ಮಾಡುವುದನ್ನು ಕಲಿತು ಬಂದ ಮೇಲೆ ಅಲ್ಲಿ ಬೆಂಕಿಪೆಟ್ಟಿಗೆ, ಪಟಾಕಿ, ಮುದ್ರಣ ಮೂರೂ ಒಟ್ಟೊಟ್ಟಿಗೆ ಬೆಳೆದವು. ಅಲ್ಲಿ ಅಚ್ಚಾದ ಲೇಬಲ್‌ಗಳನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ. ಮಗನಿಗೆ ಹಾರಿಸುವ ಆಸೆ ಇದ್ದರೆ ಚೌತಿಗೆ ಹೊಸ ಪಿಸ್ತೂಲು, ಹೊಸ ಕೇಪು ತೆಗೆಸಿಕೊಡಿ. ಕಿವಿಯ ಹತ್ತಿರ ಹಾರಿಸಬಾರದು ಎಂದು ಹೇಳಿ, ನೀವು ಪಕ್ಕದಲ್ಲಿ ನಿಲ್ಲಿ. ಅಜ್ಜನ ಪಿಸ್ತೂಲಿನಲ್ಲಿ ಬೇಡ.

ಇನ್ನು ಆ ನಾಲ್ಕರ ಪರಿಚಯ. ಒಂದು ಸಾದಾ ಅಯಸ್ಕಾಂತ ತೆಗೆದುಕೊಳ್ಳಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದಾದರೂ ಆದೀತು. ಟ್ರಿಗರ್, ಸ್ಪ್ರಿಂಗ್, ಸ್ಕ್ರೂಗಳು ಎಲ್ಲ ಪಿಸ್ತೂಲಿನಲ್ಲೂ ಉಕ್ಕಿನವೇ ಇರಬಹುದು, ಅಲ್ಲಿ ಹಿಡಿದರೆ ಏನೂ ತಿಳಿಯುವುದಿಲ್ಲ. ನಳಿಗೆ ಮತ್ತು ಮೈಗೆ ಹಿಡಿದು ನೋಡಿ. ಕಪ್ಪಗಿನದ್ದಕ್ಕೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಬೀಡು ಕಬ್ಬಿಣದ್ದು. ಎರಡು ಹೋಳುಗಳನ್ನು ಎರಕ ಹೊಯ್ದು, ನಡುವೆ ಹ್ಯಾಮರ್ (ಕೇಪಿಗೆ ಬಡಿಯುವ ಸುತ್ತಿಗೆ) ಮತ್ತು ಸ್ಪ್ರಿಂಗ್ ಇಟ್ಟು ರಿವೆಟ್ ಬಡಿದು ಸೇರಿಸಿರುತ್ತಾರೆ. ಅಮೆರಿಕದ ಕನೆಕ್ಟಿಕಟ್‌ನ ಕ್ರಾಮ್‌ವೆಲ್ ಊರಿನ ಜೆ. ಅಂಡ್ ಇ. ಸ್ಟೀವನ್ಸ್, ಒಹಾಯೋದ ಕಿಲ್ಗೋರ್, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನ ಹಬ್ಲಿ, ಇವರೆಲ್ಲ ಇಂಥವನ್ನು ರಾಶಿ ರಾಶಿ ಮಾಡಿದವರು. ಒಹಾಯೋದ ಕೆಂಟನ್ ಹಾರ್ಡ್‌ವೇರ್ 1938ರಲ್ಲಿ ಹಾಡುವ ಕೌಬಾಯ್ ಜೀನ್ ಆಟ್ರಿಯ ಹೆಸರಿನಲ್ಲಿ ಬೀಡು ಕಬ್ಬಿಣದ ಪಿಸ್ತೂಲು ತಂದು, ಮುಳುಗುತ್ತಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿತು. ಎರಡನೇ ಮಹಾಯುದ್ಧ ಬಂದು ಲೋಹವೆಲ್ಲ ಯುದ್ಧದ ಕೆಲಸಕ್ಕೆ ಹೋದಾಗ ಬೀಡು ಕಬ್ಬಿಣದ ಆಟಿಕೆಯ ಕಾಲ ಹೆಚ್ಚುಕಡಿಮೆ ಮುಗಿಯಿತು. ಯುದ್ಧದ ನಂತರ ಬಂದವು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಿ ಎರಕ ಹೊಯ್ದು, ಮೇಲೆ ನಿಕ್ಕಲ್ ಲೇಪಿಸಿದವು. ಇವಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ.

ನಿಮ್ಮ ಬೆಳ್ಳಿ ಬಣ್ಣದ್ದರ ಹಿಡಿಯಲ್ಲಿ ಉದ್ದ ಕೊಂಬಿನ ದನದ ತಲೆ ಇರುವುದರಿಂದ ನನಗೆ ಮೊದಲು ನೆನಪಾದದ್ದು ಹಬ್ಲಿಯವರ ‘ಟೆಕ್ಸನ್’. ಅದು ಯುದ್ಧಕ್ಕೆ ಮುಂಚೆ ಬೀಡು ಕಬ್ಬಿಣದಲ್ಲಿ, ನಂತರ ಸತುವಿನಲ್ಲಿ ಬಂತು. ಆದರೆ ದನದ ತಲೆ, ಕುದುರೆಯ ತಲೆ, ನಕ್ಷತ್ರ ಇವೆಲ್ಲ ಆ ಕಾಲದಲ್ಲಿ ಎಲ್ಲರೂ ಎಲ್ಲರಿಂದ ನಕಲು ಮಾಡಿದ ಅಲಂಕಾರಗಳು. ಚಿತ್ರ ನೋಡಿ ಹೆಸರು ಹೇಳಬಾರದು. ನಳಿಗೆಯ ಬದಿ, ಟ್ರಿಗರಿನ ಮೇಲ್ಭಾಗ, ಕೇಪಿನ ಸುರುಳಿ ಕೂರುವ ಮುಚ್ಚಳದ ಒಳಮೈ, ಈ ಮೂರು ಕಡೆ ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಅಕ್ಷರ ಮಾಸಿದ್ದರೂ ನೆರಳಿನಲ್ಲಿ ಎದ್ದು ಕಾಣುತ್ತದೆ. ‘ಲೋನ್ ಸ್ಟಾರ್’ ಎಂದಿದ್ದರೆ ಅದು ಇಂಗ್ಲೆಂಡಿನದ್ದು. ಬ್ರಿಟಿಷರಿದ್ದ ಕಡೆಗೆಲ್ಲ ಹೋದ ಮಾಲು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ಒಳಗಿನದ್ದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ 1952ಕ್ಕಿಂತ ಈಚಿನದ್ದಲ್ಲ. ನಳಿಗೆಯ ತುದಿಗೆ ಕಿತ್ತಳೆ ಬಣ್ಣದ ಬಿರಡೆ ಇದ್ದರೆ, ಅದು ಅಮೆರಿಕ 1989ರಲ್ಲಿ ಆಟಿಕೆ ಬಂದೂಕಿಗೆ ಆ ಗುರುತನ್ನು ಕಡ್ಡಾಯ ಮಾಡಿದ ನಂತರದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಬೀಡು ಕಬ್ಬಿಣದ್ದರಲ್ಲಿ ಒಂದು ಎಚ್ಚರ ಬೇಕು. ಹಳೆಯ ನಮೂನೆಗಳನ್ನು ಮತ್ತೆ ಎರಕ ಹೊಯ್ದು ಹಳತೆಂದು ಮಾರುವುದು ಬಹಳ ಕಾಲದಿಂದ ನಡೆದಿದೆ. ಹಳೆಯ ಎರಕ ಮುಟ್ಟಿದರೆ ನಯ, ಎರಡು ಹೋಳುಗಳು ಕೂಡಿದ ಕಡೆ ಉಗುರು ಸಿಕ್ಕುವುದಿಲ್ಲ, ತುಕ್ಕು ಕಪ್ಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸ ನಕಲು ಮರಳು ಮರಳಾಗಿರುತ್ತದೆ, ಕೂಡಿಕೆಯಲ್ಲಿ ಸಂದು ಇರುತ್ತದೆ, ತುಕ್ಕು ಮೈಯಿಡೀ ಒಂದೇ ಸಮನೆ ಕಿತ್ತಳೆ ಬಣ್ಣದ್ದಾಗಿರುತ್ತದೆ. ನಿಮ್ಮದು ಅಟ್ಟದಲ್ಲೇ ಇದ್ದುದರಿಂದ ಆ ಅನುಮಾನ ಕಡಿಮೆ. ಮುಂದೆ ಕೊಳ್ಳಲು ಹೋದಾಗ ನೆನಪಿರಲಿ. ಮತ್ತೆ, ಹ್ಯಾಮರ್ ಎತ್ತಿ ಟಕ್ ಟಕ್ ಅನ್ನಿಸಬೇಡಿ. ಬೀಡು ಕಬ್ಬಿಣ ಗಟ್ಟಿ, ಆದರೆ ಬಾಗುವುದಿಲ್ಲ, ಮುರಿಯುತ್ತದೆ. ಹಳೆಯ ಪಿಸ್ತೂಲುಗಳಲ್ಲಿ ಹ್ಯಾಮರಿನ ಮೂಗು ಮುರಿದದ್ದೇ ಹೆಚ್ಚು. ಅದಕ್ಕೆ ಕಾರಣ ಅಂದಿನ ಮಕ್ಕಳಿಗಿಂತ ಇಂದಿನ ದೊಡ್ಡವರ ಕುತೂಹಲ.

ಈಗ ತಗಡಿನವು. ಇಲ್ಲಿ ನಿಧಾನ ಮಾಡುತ್ತೇನೆ, ಏಕೆಂದರೆ ನಿಮ್ಮ ಟ್ರಂಕಿನಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಪೆಟ್ಟಿಗೆ ಸಮೇತ ಇರುವ ಆ 75 ನಯೇ ಪೈಸೆಯ ತಗಡಿನ ಪಿಸ್ತೂಲನ್ನು. ಹಬ್ಲಿ, ಸ್ಟೀವನ್ಸ್, ಲೋನ್ ಸ್ಟಾರ್‌ಗಳ ಬಗ್ಗೆ ಆ ಊರಿನವರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಯಾವ ಮಾದರಿ, ಯಾವ ವರ್ಷ, ಹಿಡಿಯ ಬಣ್ಣ ಎಷ್ಟು ಬಗೆ ಎಂದೆಲ್ಲ ಪಟ್ಟಿ ಇದೆ. ಅಂಥದ್ದೊಂದು ಬ್ರಹ್ಮಾವರದಲ್ಲಿ ಕಳೆದುಹೋದರೂ ಅಮೆರಿಕದಲ್ಲಿ ಅದರ ಜೊತೆಯವು ಉಳಿದಿರುತ್ತವೆ. ಆದರೆ ಮುಂಬಯಿಯ ಗಲ್ಲಿಯಲ್ಲಿ ತಗಡು ಕತ್ತರಿಸಿ, ಬಣ್ಣ ಬಳಿದು, ಕಿವಿ ಮಡಚಿ ಮಾಡಿದ ಪಿಸ್ತೂಲಿನ ಲೆಕ್ಕ ಇಟ್ಟವರು ಯಾರು? ಒಂದು ಹಬ್ಬಕ್ಕೆ ಕೊಂಡು, ಮುಂದಿನ ಹಬ್ಬದ ಹೊತ್ತಿಗೆ ಮುರಿದು, ಗುಜರಿಗೆ ಹೋದವು ಅವು. ಪೆಟ್ಟಿಗೆಯಂತೂ ಮನೆಗೆ ಬಂದ ದಿನವೇ ಒಲೆಗೆ ಹೋಗಿರುತ್ತದೆ. ಹಾಗಾಗಿ ಉಳಿದದ್ದು ಅಪರೂಪ. ಉಳಿದದ್ದರ ಜೊತೆ ಕಥೆಯೂ ಉಳಿದದ್ದು ಇನ್ನೂ ಅಪರೂಪ.

ಆ ಪೆಟ್ಟಿಗೆ ತನ್ನ ವಯಸ್ಸನ್ನು ತಾನೇ ಹೇಳುತ್ತಿದೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಅದಕ್ಕೆ ಹಿಂದಿನ ಬೆಲೆಗಳು ಆಣೆಯಲ್ಲಿ. ‘ನಯೇ’ ಎಂಬ ಮಾತನ್ನು ಬಿಟ್ಟು ಬರಿಯ ಪೈಸೆ ಎಂದದ್ದು 1964ರ ಜೂನ್‌ನಿಂದ. ಅಂದರೆ ನಿಮ್ಮ ಪೆಟ್ಟಿಗೆ ಈ ಏಳು ವರ್ಷಗಳ ಒಳಗಿನದ್ದು. ಹಳೆಯ ಸ್ಟಾಂಪನ್ನೇ ಅಂಗಡಿಯವರು ಇನ್ನೂ ಸ್ವಲ್ಪ ದಿನ ಒತ್ತಿರಬಹುದು, ಅಷ್ಟು ಸಡಿಲ ಬಿಡೋಣ. ವಿಳಾಸ ಅದನ್ನು ಗಟ್ಟಿ ಮಾಡುತ್ತದೆ. ‘ಬಾಂಬೆ–3’ ಎಂಬುದು ಹಳೆಯ ಅಂಚೆ ವಲಯದ ಸಂಖ್ಯೆ. ಆರು ಅಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಹೀಗೆ ಯಾವ ಪರಿಣತರ ಸಹಾಯವೂ ಇಲ್ಲದೆ ನಮ್ಮ ದೇಶದ ಪೆಟ್ಟಿಗೆಗಳ ಕಾಲವನ್ನು ಹಿಡಿಯಬಹುದು. ಆಣೆಯಲ್ಲಿ ಬೆಲೆ ಇದ್ದರೆ 1957ಕ್ಕಿಂತ ಹಿಂದೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದೆ. ‘ಮಂಗಳೂರು, ದಕ್ಷಿಣ ಕನ್ನಡ, ಮದರಾಸು’ ಎಂಬ ಧಾಟಿಯಲ್ಲಿ ಅಂಗಡಿಯ ಚೀಟಿ ಸಿಕ್ಕಿದರೆ 1956ರ ರಾಜ್ಯ ಪುನರ್ವಿಂಗಡಣೆಗೂ ಹಿಂದೆ. ‘ಉಡುಪಿ ಜಿಲ್ಲೆ’ ಎಂದಿದ್ದರೆ 1997ರ ಈಚೆಗೆ. ಐಎಸ್‌ಐ ಗುರುತು ಇದ್ದರೆ ಅದು ಬಹುತೇಕ ಹೊಸ ಮಾಲು, ಏಕೆಂದರೆ ಆಟಿಕೆಗಳಿಗೆ ಅದು ಕಡ್ಡಾಯವಾದದ್ದು 2021ರ ಜನವರಿಯಿಂದ.

ಆದರೆ ಪೆಟ್ಟಿಗೆ ಹೇಳಲಾಗದ ಸಂಗತಿಗಳಿವೆ. ಅವನ್ನು ಹೇಳಬಲ್ಲವರು ನಿಮ್ಮ ಅತ್ತೆ. ಇದನ್ನು ಅಜ್ಜ ಯಾರಿಗೆಂದು ತಂದರು? ಹಡಗಿನಲ್ಲಿ ಬಂದರೋ ಬಸ್ಸಿನಲ್ಲೋ? ಪಿಸ್ತೂಲು ಹಾರಿಸುತ್ತಿದ್ದುದು ಚೌತಿಗೋ ಅಷ್ಟಮಿಗೋ? ಕೇಪು ತರುತ್ತಿದ್ದುದು ಬ್ರಹ್ಮಾವರದ ಯಾವ ಅಂಗಡಿಯಿಂದ, ಅಥವಾ ಉಡುಪಿ ರಥಬೀದಿಯಿಂದಲೇ? ಹೆಣ್ಣುಮಕ್ಕಳ ಕೈಗೂ ಕೊಡುತ್ತಿದ್ದರೇ? ನಾಲ್ಕರಲ್ಲಿ ಮೂರು ಚೆನ್ನಾಗಿ ಸವೆದಿವೆ, ಪೆಟ್ಟಿಗೆಯಲ್ಲಿದ್ದುದರ ಹ್ಯಾಮರ್ ಬಡಿಯುವ ಜಾಗದಲ್ಲಿ ಮಾತ್ರ ಮದ್ದಿನ ಕಲೆ ಇಲ್ಲ. ಅಂದರೆ ಅದನ್ನು ಯಾರೂ ಹಾರಿಸಲಿಲ್ಲ. ಏಕೆ? ಆ ಕಾಲದಲ್ಲಿ ಮುಂಬಯಿಯಿಂದ ಊರಿಗೆ ಬರುವವರ ಟ್ರಂಕಿನಲ್ಲಿ ಮಕ್ಕಳಿಗೆ ಒಂದು ಆಟಿಕೆ ಇದ್ದೇ ಇರುತ್ತಿತ್ತು. ಎಪ್ಪತ್ತರ ದಶಕದ ನಂತರ ಆ ಟ್ರಂಕು ಗಲ್ಫಿನಿಂದ ಬರತೊಡಗಿತು. ವಿದೇಶದ ಆಟಿಕೆಗಳ ಆಮದಿಗೆ 2001ರವರೆಗೂ ಸರಕಾರದ ಕಟ್ಟುಪಾಡು ಇದ್ದುದರಿಂದ, ನಮ್ಮ ಕರಾವಳಿಯ ಮನೆಗಳಲ್ಲಿ ಸಿಗುವ ಸ್ಪೇನಿನ, ಇಟಲಿಯ, ಜಪಾನಿನ ಪಿಸ್ತೂಲುಗಳಲ್ಲಿ ಹೆಚ್ಚಿನವು ಅಂಗಡಿಯ ಮೂಲಕ ಬಂದವಲ್ಲ. ಯಾರೋ ಮಾವ, ಯಾರೋ ಅಣ್ಣ ಕೈಯಲ್ಲಿ ತಂದವು. ಆ ಹೆಸರು, ಆ ವರ್ಷ, ಆ ಊರು ಸೇರಿದಾಗಲೇ ನಿಮ್ಮದು ಸಂಗ್ರಹ. ಇಲ್ಲದಿದ್ದರೆ ಬರಿಯ ನಾಲ್ಕು ಪಿಸ್ತೂಲು.

ಅತ್ತೆಯ ಹತ್ತಿರ ಹೋಗುವಾಗ ಪಿಸ್ತೂಲುಗಳನ್ನು ಕೊಂಡುಹೋಗಿ, ಕೈಗೆ ಕೊಡಿ. ಹಿರಿಯರಿಗೆ ವಸ್ತುವಿನ ತೂಕ ಕೈಗೆ ತಾಗಿದಾಗ ಬರುವ ನೆನಪು ಫೋಟೋ ನೋಡಿದರೆ ಬರುವುದಿಲ್ಲ. ಪ್ರಶ್ನೆಗಳ ಪಟ್ಟಿ ಹಿಡಿದು ಕೂರಬೇಡಿ, ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಒಂದೊಂದು ಪಿಸ್ತೂಲಿಗೂ ಒಂದೊಂದು ಹಾಳೆ ಬರೆಯಿರಿ: ಸಿಕ್ಕಿದ ಜಾಗ, ತಂದವರು, ಆಡಿದವರು, ಅಳತೆ, ಗುರುತುಗಳು. ಅತ್ತೆ ಹೇಳಿದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂದು ಬೇರೆ ಮಾಡಿ ಬರೆಯಿರಿ. ಮಾತು ತುಳುವಿನಲ್ಲೋ ಕುಂದಗನ್ನಡದಲ್ಲೋ ಬಂದರೆ ಹಾಗೆಯೇ ಇಳಿಸಿ, ತಿದ್ದಬೇಡಿ.

ಉಜ್ಜುವ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ಬೇಡ. ನಮ್ಮಲ್ಲಿ ಹಳೆಯ ಲೋಹ ಸಿಕ್ಕಿದ ತಕ್ಷಣ ಹುಣಸೆಹಣ್ಣು, ನಿಂಬೆಹುಳಿ, ಬ್ರಾಸೋ, ಇಲ್ಲವೇ ತೆಂಗಿನೆಣ್ಣೆ ಹುಡುಕುವ ರೂಢಿ ಇದೆ. ಹಿತ್ತಾಳೆಯ ದೀಪಕ್ಕೆ ಸರಿಯಾದದ್ದು ಇಲ್ಲಿ ಕೆಡುಕು ಮಾಡುತ್ತದೆ. ಸತುವಿನ ಮೇಲಿನ ನಿಕ್ಕಲ್ ಲೇಪ ಕೂದಲೆಳೆಗಿಂತ ತೆಳು. ಹುಳಿ ಅದರ ಸೂಕ್ಷ್ಮ ತೂತುಗಳಿಂದ ಒಳಗಿಳಿದು ಸತುವನ್ನು ತಿನ್ನುತ್ತದೆ, ಲೇಪ ಸಿಪ್ಪೆಯ ಹಾಗೆ ಏಳುತ್ತದೆ. ತೆಂಗಿನೆಣ್ಣೆ ಕಮಟಾಗಿ ಆಮ್ಲವಾಗುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ತಗಡಿನದ್ದನ್ನು ಉಜ್ಜಿದರೆ ಬಣ್ಣವೇ ಹೋಗುತ್ತದೆ. ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಎಂಬ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಮರಳುಕಾಗದ ಹಾಕಿ ಆ ಪುಡಿಯನ್ನು ಮನೆಯೊಳಗೆ ಹಾರಿಸಬೇಡಿ, ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಮಾಡಬೇಕಾದ ಶುಚಿ ಇಷ್ಟೇ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡರಲ್ಲಿ ಹ್ಯಾಮರ್ ಬಡಿಯುವ ಗುಳಿಯನ್ನು ಮಾತ್ರ ಹೆಚ್ಚು ಗಮನಿಸಿ. ಕೇಪು ಸಿಡಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು, ಮತ್ತು ಗಾಳಿಯ ತೇವ ಹೀರಿ ರಂಜಕಾಮ್ಲವಾಗುವ ಬೂದಿ. ಉಪ್ಪು, ಆಮ್ಲ ಎರಡೂ ಒಂದೇ ಗುಳಿಯಲ್ಲಿ ಕೂತಿವೆ. ಆದ್ದರಿಂದಲೇ ಹಳೆಯ ಪಿಸ್ತೂಲುಗಳು ಮೊದಲು ತುಕ್ಕು ಹಿಡಿಯುವುದು ಅಲ್ಲಿ. ಹತ್ತಿಯ ಕಡ್ಡಿಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಹಿಂಡಿ, ಆ ಗುಳಿಯನ್ನು ಒರಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಹೊಸ ಕಡ್ಡಿ ಬಳಸಿ, ಕೂಡಲೇ ಫ್ಯಾನಿನಡಿ ಪೂರ್ತಿ ಒಣಗಿಸಿ. ಒಳಗಿನ ಸ್ಪ್ರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಸೂಜಿಯ ತುದಿಯಲ್ಲಿ ಒಂದು ಹನಿ ಸಾಕು. ಬೀಡು ಕಬ್ಬಿಣದ ಮೈಗೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಹಚ್ಚಬಹುದು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ‘ರೆನೆಸಾನ್ಸ್ ವ್ಯಾಕ್ಸ್’ ಎಂಬ ಹೆಸರಿನದ್ದು ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಿಳಿ ಪ್ಲಾಸ್ಟಿಕ್ ಹಿಡಿಗೆ ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ತಾಗಿಸಲೇಬೇಡಿ, ಕರಗಿ ಹೋದೀತು.

ಇನ್ನು ನಮ್ಮ ಮಳೆಗಾಲದ ವಿಷಯ. ಮಂಗಳೂರು ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಇಷ್ಟು ವರ್ಷ ನಿಮ್ಮ ಟ್ರಂಕು ಉಳಿದದ್ದು ಅದು ಒಲೆಯ ಮೇಲಿನ ಅಟ್ಟದಲ್ಲಿದ್ದುದರಿಂದ ಎಂದು ನನಗನ್ನಿಸುತ್ತದೆ. ಸೌದೆ ಒಲೆ ಉರಿಯುತ್ತಿದ್ದಷ್ಟು ಕಾಲ ಆ ಜಾಗ ಮಳೆಗಾಲದಲ್ಲೂ ಬೆಚ್ಚಗೆ, ಒಣಗಿಕೊಂಡು ಇರುತ್ತದೆ. ನಮ್ಮ ಹಿರಿಯರು ಒಣಮೀನು, ಬೀಜದ ಭತ್ತ ಇಡುತ್ತಿದ್ದುದೂ ಅಲ್ಲೇ. ಈಗ ನೀವು ಇವನ್ನು ತಾರಸಿ ಮನೆಗೆ ತಂದಿದ್ದೀರಿ. ಅಟ್ಟದಿಂದ ಇಳಿದ ಮೇಲಿನ ಮೊದಲ ಮಳೆಗಾಲದಲ್ಲೇ ಎಷ್ಟೋ ವಸ್ತುಗಳು ಹಾಳಾಗುವುದನ್ನು ಕಂಡಿದ್ದೇನೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆಯುವ ಮೊದಲೇ ಇವಕ್ಕೆ ಜಾಗ ಮಾಡಿ.

ಅಡುಗೆಮನೆಗೆ ಬಳಸುವ, ರಬ್ಬರ್ ಅಂಚಿನ ಗಾಳಿಯಾಡದ ಪಾಲಿಪ್ರಾಪಿಲೀನ್ ಡಬ್ಬಿ ಸಾಕು. ಒಳಗೆ ಬಿಳಿ ಹತ್ತಿಬಟ್ಟೆ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಚೀಲ, ಒಂದು ಸಣ್ಣ ತೇವಮಾಪಕ. ತೇವ ನೂರಕ್ಕೆ ಐವತ್ತರ ಒಳಗೆ ಇರಲಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತನ್ನಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಆದ್ದರಿಂದ ಕಿತ್ತಳೆ ಬಣ್ಣದ್ದು ಮೇಲು. ಬಣ್ಣ ತಿರುಗಿದಾಗ ಸುಮಾರು 110 ಡಿಗ್ರಿ ಶಾಖದಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪಿಸ್ತೂಲುಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡಿ. ಹಳೆಯ ಪೇಪರಿನಲ್ಲಿ ಸುತ್ತಬೇಡಿ, ಅದರಲ್ಲಿ ಆಮ್ಲ ಇದೆ. ರಬ್ಬರ್ ಬ್ಯಾಂಡ್, ಸ್ಪಂಜು, ಮೆತ್ತನೆಯ ಪಿವಿಸಿ ಕವರು ಬೇಡ. ಪಿವಿಸಿಯಿಂದ ಜಿನುಗುವ ಎಣ್ಣೆಯಂಥ ದ್ರವ್ಯ ಪಿಸ್ತೂಲಿನ ಪ್ಲಾಸ್ಟಿಕ್ ಹಿಡಿಯನ್ನು ಅಂಟಂಟು ಮಾಡುತ್ತದೆ. ನುಸಿಗುಳಿಗೆಯನ್ನೂ ಅದೇ ಡಬ್ಬಿಗೆ ಹಾಕಬೇಡಿ. ಹೊಸ ಪ್ಲೈವುಡ್ ಕಪಾಟಿನಲ್ಲಿ ಬಾಗಿಲು ಮುಚ್ಚಿ ಇಡುವುದೂ ಒಳ್ಳೆಯದಲ್ಲ. ಮರ ಮತ್ತು ಅಂಟಿನಿಂದ ಹೊರಡುವ ಆಮ್ಲದ ಆವಿ ಸತುವಿಗೆ ಬಿಳಿ ಕಿಲುಬು ಹಿಡಿಸುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಬೇರೆ ಡಬ್ಬಿಯಲ್ಲಿ ಇಡಿ. ಹರಿದ ಮೂಲೆಗೆ ಸೆಲೋಟೇಪ್ ಹಚ್ಚಬೇಡಿ. ಟೇಪು ಕೆಲವು ವರ್ಷಕ್ಕೆ ಕಳಚುತ್ತದೆ, ಅದರ ಕಂದು ಕಲೆ ಎಂದಿಗೂ ಹೋಗುವುದಿಲ್ಲ.

ಬೆಳ್ಳಿ ಬಣ್ಣದ್ದರ ನಳಿಗೆಯ ಬುಡದಲ್ಲಿ ಒಂದು ಸಣ್ಣ ಬಿರುಕು ಕಾಣುತ್ತಿದೆ. ಅದು ಬಿದ್ದು ಆದದ್ದಾಗಿದ್ದರೆ ಚಿಂತೆ ಇಲ್ಲ. ಆದರೆ ಮೈ ಅಲ್ಲಲ್ಲಿ ಉಬ್ಬಿದ್ದು, ಬಿರುಕು ಬಲೆಯಂತೆ ಹರಡುತ್ತಿದ್ದರೆ ಅದು ಸತುವಿಗೆ ಹುಟ್ಟಿನಿಂದಲೇ ಬಂದ ರೋಗ. ಎರಕ ಹೊಯ್ಯುವಾಗ ಸತುವಿನಲ್ಲಿ ಸೀಸದ ಲವಲೇಶ ಬೆರೆತಿದ್ದರೂ, ಬೆಚ್ಚಗಿನ ತೇವದಲ್ಲಿ ಲೋಹ ಹರಳುಗಳ ನಡುವಿನಿಂದ ಕೊರೆಯುತ್ತಾ ಬಂದು ಕೊನೆಗೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಒಣಗಿನಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೇ. ಪಕ್ಕದ ಪಿಸ್ತೂಲಿಗೆ ಅಂಟುವ ರೋಗವಲ್ಲ, ಆ ಭಯ ಬೇಡ. ಇಂದೇ ನಾಲ್ಕೂ ಬದಿಯಿಂದ ಫೋಟೋ ತೆಗೆದಿಡಿ, ಮುಂದಿನ ವರ್ಷ ಹೋಲಿಸಿ ನೋಡಿ.

ಸಂಗ್ರಹ ಶುರು ಮಾಡುವ ಆಸೆಗೆ ನನ್ನ ಬೆಂಬಲ ಇದೆ, ಒಂದು ಕೋರಿಕೆಯ ಜೊತೆಗೆ. ಅಮೆರಿಕದ ಕೌಬಾಯ್ ಪಿಸ್ತೂಲುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳಲು ಹೋಗಬೇಡಿ. ವಿದೇಶದಿಂದ ತರಿಸಿದರೆ ಸುಂಕ ಬೇರೆ, ಸಾಗಣೆ ಬೇರೆ. ಅದೇ ಹಣ, ಅದೇ ಸಮಯ ನಮ್ಮ ಕರಾವಳಿಯ ವಸ್ತುಗಳಿಗೆ ಹೋಗಲಿ. ಉಡುಪಿ, ಕುಂದಾಪುರ, ಕಾರ್ಕಳದ ಹಳೆಯ ಫ್ಯಾನ್ಸಿ ಅಂಗಡಿಗಳಲ್ಲಿ ಮೇಲಿನ ಹಲಗೆಯ ಮೇಲೆ ಮಾರಾಟವಾಗದೆ ಉಳಿದ ಮಾಲು ಈಗಲೂ ಇರುವುದುಂಟು. ಅಂಗಡಿಯವರ ಹತ್ತಿರ ಮೊದಲು ಮಾತಾಡಿ, ಕೊಳ್ಳುವುದು ಎರಡನೇ ಸಲ ಹೋದಾಗ ಆಗಲಿ. ಮಂಗಳೂರು ಬಂದರಿನ ಕಡೆಯ ಗುಜರಿಯವರಿಗೆ ಒಂದು ಫೋಟೋ ತೋರಿಸಿ ಹೇಳಿಟ್ಟರೆ ತೆಗೆದಿಡುತ್ತಾರೆ. ಕಟೀಲು, ಪುತ್ತೂರು, ಮಂಗಳೂರು ರಥಬೀದಿಯ ತೇರಿನ ಸಂತೆಗಳಲ್ಲಿ ಇಂದು ಮಾರುವ ಪ್ಲಾಸ್ಟಿಕ್ ರಿಂಗ್ ಕೇಪಿನ ಪಿಸ್ತೂಲನ್ನೂ ಒಂದು ತೆಗೆದು, ಪೆಟ್ಟಿಗೆ ಸಮೇತ, ಬೆಲೆ ಮತ್ತು ತಾರೀಕು ಬರೆದು ಇಡಿ. ಈಗ ಅಗ್ಗ ಎಂದು ಬಿಟ್ಟರೆ ಅದರ ಗತಿಯೂ ತಗಡಿನದ್ದರ ಗತಿಯೇ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ತಗಡಿನ ಆಟಿಕೆ ಸಿಗುತ್ತದೆ, ಆದರೆ ಅಲ್ಲಿ ಹಳತಿನ ವೇಷ ಹಾಕಿದ ಹೊಸದೂ ಇರುತ್ತದೆ. ಮೂಲ ಕೇಳಿದರೆ ಉತ್ತರ ಸಿಗುವುದಿಲ್ಲ.

ಹುಲಿವೇಷದ ತಂಡಗಳಲ್ಲಿ ಬೇಟೆಗಾರ ಹಿಡಿಯುವ ಕೋವಿಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಮರದಲ್ಲಿ, ತಗಡಿನಲ್ಲಿ ಊರ ಬಡಗಿಗಳು, ಕಮ್ಮಾರರು ಮಾಡಿದವು ಅವು. ಅವನ್ನು ತಂಡದವರಿಂದ ಕೊಂಡು ತರಬೇಡಿ, ಅವು ಇರಬೇಕಾದುದು ವೇಷದ ಜೊತೆಯಲ್ಲೇ. ಫೋಟೋ ತೆಗೆದು, ಮಾಡಿದವರ ಹೆಸರು ಕೇಳಿ ಬರೆದಿಟ್ಟರೆ ಅದೂ ನಿಮ್ಮ ಸಂಗ್ರಹದ ಒಂದು ಭಾಗವೇ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರಿದರೆ ಬರುವ ಹಣ ಮನೆ ಬಿಚ್ಚಿಸಿದ ಕೂಲಿಗೂ ಸಾಲದು. ಯಾರಾದರೂ ಲಕ್ಷದ ಮಾತಾಡಿದರೆ ನಂಬಬೇಡಿ, ಗುಜರಿ ತೂಕಕ್ಕೆ ಕೇಳಿದರೆ ಕೊಡಬೇಡಿ.

ಕಾನೂನು: ಕೇಪು ಸಿಡಿಸಿ ಸದ್ದು ಮಾತ್ರ ಮಾಡುವ, ಗುಂಡು ಹಾರಲು ದಾರಿಯೇ ಇಲ್ಲದ ಆಟಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನಕಲಿ ಬಂದೂಕನ್ನು ಗುಂಡು ಹಾರುವಂತೆ ಮಾರ್ಪಡಿಸಲು ಲೈಸೆನ್ಸ್ ಬೇಕು. ಮುಚ್ಚಿದ ನಳಿಗೆಯನ್ನು ಡ್ರಿಲ್ ಹಾಕಿ ತೆರೆಯುವ ಯೋಚನೆ ಯಾರಿಗೂ ಬಾರದಿರಲಿ. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಗೊಂದಲಕ್ಕೆ ಎಡೆ ಇದೆ. ತೋಟ ಕಾಯಲು ರೈತರು ಇಟ್ಟುಕೊಳ್ಳುವ, ಮದ್ದು ತುಂಬಿ ಹಾರಿಸುವ ಕೇಪಿನ ಕೋವಿ ನಿಜವಾದ ಆಯುಧ, ಅದಕ್ಕೆ ಲೈಸೆನ್ಸ್ ಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಹಳೆಯ ಮನೆಯ ಮೂಲೆಯಲ್ಲಿ ಅಂಥದ್ದರ ತುಂಡು ಸಿಗುವುದುಂಟು. ನಿಮ್ಮ ಕಪ್ಪು ಪಿಸ್ತೂಲಿನಲ್ಲಿ ಕೇಪು ಕೂರುವ ಜಾಗದಿಂದ ನಳಿಗೆಯೊಳಕ್ಕೆ ತೂತು ಇದೆಯೇ ನೋಡಿ. ಇಲ್ಲ ಎಂದಾದರೆ ಅದು ಆಟಿಕೆಯೇ. ಇದ್ದರೆ ಮತ್ತೆ ಮುಟ್ಟದೆ ಠಾಣೆಗೆ ತಿಳಿಸಿ. ಆಟಿಕೆಯೇ ಆದರೂ ಬೀದಿಯಲ್ಲಿ, ಬಸ್ಸಿನಲ್ಲಿ ಹೊರತೆಗೆದು ತೋರಿಸಬೇಡಿ. ದೂರದಿಂದ ನೋಡಿದವರಿಗೆ ಅದು ಪಿಸ್ತೂಲೇ.

ಕೊನೆಗೆ ನಿಮ್ಮ ತಮ್ಮನ ಪಾಲು. ವಿಮಾನದ ಕೈಚೀಲದಲ್ಲಿ ಆಟಿಕೆ ಬಂದೂಕು ಒಯ್ಯುವಂತಿಲ್ಲ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಉಳಿಸಿಕೊಳ್ಳುತ್ತಾರೆ. ಚೆಕ್-ಇನ್ ಪೆಟ್ಟಿಗೆಗೆ ಹಾಕುವ ಮೊದಲು ವಿಮಾನ ಕಂಪನಿಯನ್ನೂ ದುಬೈ ಕಸ್ಟಮ್ಸನ್ನೂ ಕೇಳಿಕೊಳ್ಳಲಿ. ಕಪ್ಪು ಪಿಸ್ತೂಲು ನೂರು ವರ್ಷ ದಾಟಿದ್ದು ಎಂದು ಗುರುತಿನಿಂದ ತಿಳಿದುಬಂದರೆ, ಹಳೆಯ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದನ್ನು ತಡೆಯುವ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಶ್ನೆ ಏಳಬಹುದು. ಆ ಕಾರಣಕ್ಕೆ ಅದು ಊರಲ್ಲೇ ಇರಲಿ. ಪೆಟ್ಟಿಗೆಯದ್ದನ್ನು ಅದರ ಪೆಟ್ಟಿಗೆಯಿಂದ, ಅತ್ತೆಯ ಮಾತಿನಿಂದ ಬೇರೆ ಮಾಡಬೇಡಿ. ತಮ್ಮನಿಗೆ ಕೊಡುವುದಾದರೆ ಪೆಟ್ಟಿಗೆ ಇಲ್ಲದ ತಗಡಿನದ್ದನ್ನು ಕೊಡಿ, ಅದರ ಹಾಳೆಯ ಒಂದು ಪ್ರತಿಯನ್ನೂ ಜೊತೆಗೆ ಇಡಿ. ಅಂಚೆಯಲ್ಲಾಗಲಿ ವಿಮಾನದಲ್ಲಾಗಲಿ ಕೇಪು ಕಳಿಸುವುದು ನಿಷಿದ್ಧ, ಹಾಗಾಗಿ ಸುರುಳಿ ಕೂರುವ ಮುಚ್ಚಳ ತೆರೆದು, ಹಳೆಯ ಕೇಪಿನ ಒಂದು ತುಂಡೂ ಒಳಗೆ ಸಿಕ್ಕಿಕೊಂಡಿಲ್ಲ ಎಂದು ನೀವೇ ನೋಡಿದ ಮೇಲೆ ಕಟ್ಟಿ.